ಗೇಣಿಗೆ ಒತ್ತು, ಮೊಳಕ್ಕೆ ಬಿಡು

ನನ್ನ ಬಲಗೈಯ ತೋರುಬೆರಳಿಗೆ ಒಂದು ಕಾಯಿಲೆ ಇದೆ. ಟಿವಿಯಲ್ಲಿ ಗಂಡು ಹೆಣ್ಣು ಒಂದಿಷ್ಟು ಹತ್ತಿರ ಬಂದರೆ ಸಾಕು, ಅದು ತಾನಾಗಿ ಬಾಗಿ ಕೈಗೆ ಸಿಕ್ಕಿದ್ದನ್ನು ಒತ್ತುತ್ತದೆ. ಚಹಾದ ಲೋಟವಿದ್ದರೆ ಲೋಟವನ್ನು, ಏನೂ ಇಲ್ಲದಿದ್ದರೆ ಸೋಫಾವನ್ನು. ಮೊನ್ನೆ ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಝುಬೈದಾಳ ಮೊಣಕೈಯನ್ನೇ ಒತ್ತಿಬಿಟ್ಟಿತು. "ಎಂತ ಮಾರಾಯ್ರೆ ನಿಮ್ಮದು, ಈ ಪ್ರಾಯದಲ್ಲಿ! ಮಗ ಆಚೆ ಕೋಣೆಯಲ್ಲಿ ಇದ್ದಾನೆ," ಎಂದು ಅವಳು ಕೈ ಎಳೆದುಕೊಂಡಳು. ನಾನು ಒತ್ತಿದ್ದು ಅವಳ ಕೈಯನ್ನಲ್ಲ, ಪಾಸ್ ಬಟನ್ನನ್ನು ಎಂದರೆ ನಂಬುವವರು ಯಾರು?

ನೀವಾದರೂ ನಂಬಬೇಕು. ಯಾಕೆಂದರೆ ಇಪ್ಪತ್ತೆರಡನೆಯ ವಯಸ್ಸಿಗೆ ಕುವೈತಿಗೆ ಬಂದಿಳಿದ ನಾನು ಮೊದಲ ಐದು ವರ್ಷ ಮಾಡಿದ ಕೆಲಸವೇ ಅದು. ಅಬ್ಬಾಸಿಯಾದ ಒಂದು ವಿಡಿಯೊ ಕ್ಯಾಸೆಟ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಸಿನಿಮಾಗಳ 'ಫ್ಯಾಮಿಲಿ ಕಾಪಿ' ತಯಾರಿಸುವುದು. ಒಂದು ಮೆಷಿನ್‌ನಲ್ಲಿ ಸಿನಿಮಾ ಓಡುತ್ತದೆ, ಇನ್ನೊಂದರಲ್ಲಿ ಖಾಲಿ ಕ್ಯಾಸೆಟ್ಟಿಗೆ ಅದು ಇಳಿಯುತ್ತದೆ, ನನ್ನ ಬೆರಳು ಎರಡನೆಯ ಮೆಷಿನ್‌ನಲ್ಲಿ ರೆಕಾರ್ಡಿಂಗನ್ನು ತಡೆದು ನಿಲ್ಲಿಸುವ ಪಾಸ್ ಬಟನ್ ಮೇಲೆ. ಮುತ್ತು ಬಂದಾಗ ಒತ್ತಬೇಕು, ಹೋದಾಗ ಬಿಡಬೇಕು. ಮಕ್ಕಳಿರುವ ಮನೆಗಳಿಗೆ, ಮಕ್ಕಳಿಗಿಂತ ಹೆಚ್ಚಾಗಿ ಅಜ್ಜಂದಿರು ಇರುವ ಮನೆಗಳಿಗೆ ಹೋಗುವ ಕ್ಯಾಸೆಟ್ಟುಗಳಿವು. ಅಂಗಡಿಯ ಯಜಮಾನರು ನಮ್ಮೂರ ಕಡೆಯ ಬ್ಯಾರಿಗಳೇ, ಮೂಸಾಕ. ಮೊದಲ ದಿನವೇ ಅವರು ನನಗೆ ಕಸುಬು ಕಲಿಸಿದರು.

"ನೋಡು ಹಮೀದೇ, ಮುಖಕ್ಕೂ ಮುಖಕ್ಕೂ ಗೇಣು ಅಂತರ ಬಂತಾ, ಒತ್ತು. ಮೊಳ ದೂರ ಆಯ್ತಾ, ಬಿಡು. ಕಥೆಗಿಥೆ ನೋಡ್ಲಿಕ್ಕೆ ಹೋಗ್ಬೇಡ, ಬೆರಳು ತಡವಾಗ್ತದೆ."

ಐದು ವರ್ಷ ನಾನು ಗೇಣು ಮತ್ತು ಮೊಳವನ್ನು ಮಾತ್ರ ನೋಡಿದೆ. ಅಬ್ಬಾಸಿಯಾದ ಅಷ್ಟೂ ಸಂಸಾರಗಳ ಪಾಪವನ್ನು ನಾನೊಬ್ಬನೇ ಕಣ್ಣಾರೆ ನೋಡಿ ತೀರಿಸಿದೆ ಎನ್ನಬೇಕು. ಉಳಿದವರೆಲ್ಲ ಸುಬಗರಾಗಿ ಉಳಿದರು. ಅದಕ್ಕೆ ನನಗೆ ಏನಾದರೂ ಪುಣ್ಯ ಬಂತೋ ಇಲ್ಲವೋ ಗೊತ್ತಿಲ್ಲ, ಬೆರಳಿಗೆ ಮಾತ್ರ ಈ ಚಟ ಬಂತು.

ಹಾಗೆ ನೋಡಿದರೆ ಫ್ಯಾಮಿಲಿ ಕಾಪಿ ನನಗೆ ಹೊಸದಲ್ಲ. ಚಿಕ್ಕಂದಿನಲ್ಲಿ ನಮ್ಮ ಮನೆಯ ಜಗುಲಿಯಲ್ಲಿ ಉಮ್ಮ ಮತ್ತು ಅಕ್ಕಪಕ್ಕದ ಹೆಂಗಸರು ಕೂತು ಬೀಡಿ ಕಟ್ಟುತ್ತಿದ್ದರು. ಅವರಲ್ಲಿ ಸಾರಮ್ಮ ಎಂಬವಳೊಬ್ಬಳಿಗೆ ಮಾತ್ರ ಸಿನಿಮಾ ನೋಡುವ ಧೈರ್ಯ. ನೋಡಿ ಬಂದು ಇಡೀ ಕಥೆಯನ್ನು ಬೀಡಿ ಎಲೆ ಕತ್ತರಿಸುತ್ತಲೇ ಹೇಳುತ್ತಿದ್ದಳು. ಒಳಗಿನಿಂದ ನನ್ನ ಅಜ್ಜಿಯ ಕೆಮ್ಮು ಕೇಳಿತೋ, ಸಾರಮ್ಮ ತಟಕ್ಕನೆ "ಆಮೇಲೆ ಅವರಿಬ್ಬರೂ ಗದ್ದೆಗೆ ಹೋದರು" ಎಂದುಬಿಡುವಳು. ಅಜ್ಜಿ ಬಂದು, ಎಲೆಯಡಿಕೆ ಹಾಕಿಕೊಂಡು, ಎಲ್ಲರನ್ನೂ ಒಮ್ಮೆ ಅನುಮಾನದಿಂದ ನೋಡಿ ಒಳಗೆ ಹೋಗುವ ತನಕ ನಾಯಕ ನಾಯಕಿ ಗದ್ದೆಯಲ್ಲೇ ಇರಬೇಕು. ಹೆಂಗಸರೆಲ್ಲ ತಲೆ ತಗ್ಗಿಸಿ ನಗುತ್ತಿದ್ದರು. ನನಗೆ ಏನೂ ತಿಳಿಯದು. ಸಿನಿಮಾದವರೆಲ್ಲ ಒಳ್ಳೆಯ ಬೇಸಾಯಗಾರರು ಎಂದೇ ನಾನು ಬಹಳ ಕಾಲ ನಂಬಿದ್ದೆ.

ಇರಲಿ, ಎಲ್ಲಿಂದ ಎಲ್ಲಿಗೋ ಹೋದೆ. ಹೇಳಬೇಕಾದದ್ದು ಜರ್ಮನ್ ಮಾದಾಮಿನ ವಿಷಯ. ಈಚಿನವರೆಗೆ ಝುಬೈದಾಳಿಗೂ ಪೂರ್ತಿ ಹೇಳಿರಲಿಲ್ಲ. ಹೇಳಲು ನಾಚಿಕೆ, ಬೇರೇನಿಲ್ಲ.

ನಾನು ಬಂದ ಎರಡನೆಯ ವರ್ಷ ಇರಬೇಕು, ಒಂದು ಮಧ್ಯಾಹ್ನ ಅಂಗಡಿಗೆ ಬಿಳಿ ಹೆಂಗಸೊಬ್ಬರು ಬಂದರು. ಜಹ್ರಾದಲ್ಲಿ ಕ್ಲಿನಿಕ್ ಇದ್ದ ಸಿರಿಯಾದ ಡಾಕ್ಟರೊಬ್ಬರ ಹೆಂಡತಿ. ಡಾಕ್ಟರು ಓದಿದ್ದು ಪೂರ್ವ ಜರ್ಮನಿಯಲ್ಲಿ, ಅಲ್ಲಿ ಇವರನ್ನು ಮದುವೆಯಾಗಿ ಕರೆದುಕೊಂಡು ಬಂದದ್ದು. ಈ ವೇಳೆಗೆ ಆ ದೇಶವೇ ಇಲ್ಲವಾಗಿತ್ತು. ಸಮಾಜವಾದಿ ಸರ್ಕಾರ ಬಿದ್ದು, ಗೋಡೆ ಒಡೆದು, ಎರಡು ಜರ್ಮನಿ ಒಂದಾಗಿ, ಅದೆಲ್ಲ ಪೇಪರಿನಲ್ಲಿ ಬಂದು ಹಳತಾಗಿತ್ತು. ಮಾದಾಮ್ ಕೈಯಲ್ಲಿ ಒಂದು ಕ್ಯಾಸೆಟ್. ಗೋಡೆ ಒಡೆದು ದೇಶ ಮುಗಿಯುವ ನಡುವೆ ಅಲ್ಲಿನ ಟಿವಿಯಲ್ಲಿ ಬಂದದ್ದನ್ನು ಅವರ ತಂಗಿ ಹಿಡಿದು ಕಳಿಸಿದ ಒಂದು ಪ್ರೇಮದ ಸಿನಿಮಾ. ಅವರ ಟಿವಿಯ ಪದ್ಧತಿ ಬೇರೆ, ಇಲ್ಲಿನ ಮೆಷಿನ್‌ನಲ್ಲಿ ಹಾಕಿದರೆ ಬಣ್ಣ ಬರುವುದಿಲ್ಲ, ಬರೀ ಕಪ್ಪು ಬಿಳುಪು. ಎರಡೂ ಪದ್ಧತಿಯ ಕ್ಯಾಸೆಟ್ ಓಡಿಸುವ ದೊಡ್ಡ ಮೆಷಿನ್ ಒಂದು ನಮ್ಮಲ್ಲಿತ್ತು.

"ಸದೀಕ್, ಬಣ್ಣದಲ್ಲಿ ಬೇಕು," ಎಂದರು. ಅರಬರ ನಾಡಿನಲ್ಲಿ ನಮ್ಮಂಥವರ ಹೆಸರು ಗೊತ್ತಿಲ್ಲದಿದ್ದಾಗ ಎಲ್ಲರೂ ಕರೆಯುವುದು ಹಾಗೆಯೇ, ಗೆಳೆಯ ಎಂದು. ನಮ್ಮಿಬ್ಬರ ಮಾತು ಅರಬಿಯಲ್ಲಿ. ನನ್ನದು ಅಂಗಡಿಯ ಅರಬಿ, ಅವರದು ಅಡುಗೆಮನೆಯ ಅರಬಿ, ಎರಡೂ ಸೇರಿ ಹೇಗೋ ನಡೆಯುತ್ತಿತ್ತು. "ಕಪ್ಪು ಬಿಳುಪಿನಲ್ಲಿ ಬೇಡವೆಂದು ಈ ಕ್ಯಾಸೆಟ್ ನಾನೂ ಇನ್ನೂ ನೋಡಿಲ್ಲ. ಬಣ್ಣ ಬಂದ ಮೇಲೆ ಗಂಡ, ಮಗಳು, ಎಲ್ಲರೂ ಒಟ್ಟಿಗೆ ಕೂತು ನೋಡಬೇಕು." ಮುಖದಲ್ಲಿ ಏನೋ ಗುಟ್ಟಿನ ಖುಷಿಯಿತ್ತು. ಮೂಸಾಕ ಕೇಳಿದ್ದು ಒಂದೇ ಪ್ರಶ್ನೆ, ಮಗಳಿಗೆ ಎಷ್ಟು ವರ್ಷ ಎಂದು. ಹತ್ತು ಎಂದರು. ಮೂಸಾಕ ನನ್ನತ್ತ ತಿರುಗಿ ಗೇಣು ತೋರಿಸಿದರು. ಫ್ಯಾಮಿಲಿ ಕಾಪಿ.

ಆ ಸಿನಿಮಾ ನನಗೆ ಈಗಲೂ ನೆನಪಿದೆ. ಭಾಷೆ ಒಂದಕ್ಷರ ಬಾರದು. ಆದರೆ ಅದರಲ್ಲಿದ್ದ ಕಷ್ಟ ನಮ್ಮದೇ. ದೊಡ್ಡ ಕ್ರೇನ್ ನಡೆಸುವ ಹುಡುಗಿಯೊಬ್ಬಳು. ಹಾಸ್ಟೆಲಿನ ಒಂದು ಕೋಣೆಯಲ್ಲಿ ಅವಳಂಥ ಆರು ಜನ. ಇತ್ತ ಸರ್ಕಾರಿ ಕಚೇರಿಯಲ್ಲಿ ಜನರಿಗೆ ಫ್ಲ್ಯಾಟ್ ಹಂಚುವ ಗುಮಾಸ್ತ, ಸರತಿಯ ಪಟ್ಟಿ, ಠಸ್ಸೆ. ಅವನೋ ತಾಯಿಯ ಜೊತೆ ಒಂದೂವರೆ ಕೋಣೆಯಲ್ಲಿ. ಇಬ್ಬರಿಗೂ ಪ್ರೀತಿ. ಕೂತು ಮಾತಾಡಲು ಜಾಗ ಮಾತ್ರ ಇಲ್ಲ. ಟ್ರಾಮಿನಲ್ಲಿ ಕೂರುತ್ತಾರೆ, ಹೊಳೆಯ ಬದಿಯಲ್ಲಿ ನಡೆಯುತ್ತಾರೆ, ಚಳಿಗೆ ನಡುಗುತ್ತಾರೆ. ಆಗ ನಾವು ಇದ್ದದ್ದು ಒಂದೇ ಕೋಣೆಯಲ್ಲಿ ಎಂಟು ಜನ. ಮಂಚದ ಮೇಲೆ ಮಂಚ. ಊರಿನಲ್ಲಿ ಹೊಸ ಹೆಂಡತಿಯನ್ನು ಬಿಟ್ಟು ಬಂದಿದ್ದ ನನ್ನ ಕೆಳಮಂಚದ ಲತೀಫನಿಗೆ ಈ ಕಥೆ ಹೇಳಿದೆ. ಅವನು, "ಅವರಿಗೆ ಬೇಕಾದ್ದು ಸೋಷಲಿಸಂ ಅಲ್ಲ ಮಾರಾಯ, ಚಿಲಕ ಇರುವ ಒಂದು ಕೋಣೆ," ಎಂದ. ಈ ವಿಷಯದಲ್ಲಿ ಅವನಿಗಿಂತ ಚೆನ್ನಾಗಿ ಬರೆದ ವಿಮರ್ಶಕರನ್ನು ನಾನು ಕಂಡಿಲ್ಲ.

ಆ ಸಿನಿಮಾದಲ್ಲಿ ನಾನು ಏಳು ಕಡೆ ಬೆರಳು ಒತ್ತಿದೆ. ಆರು ಸಣ್ಣವು. ಏಳನೆಯದು ಹೊಳೆ ಬದಿಯ ಒಂದು ನಾಚ್ ಮನೆಯಲ್ಲಿ. ಅಲ್ಲಿ ಅವರಿಬ್ಬರ ಮುಖ ಗೇಣಿಗೆ ಬಂದದ್ದು ಮೊಳಕ್ಕೆ ಹೋಗಲೇ ಇಲ್ಲ. ಕ್ಯಾಮೆರಾ ಅವರ ಸುತ್ತ ತಿರುಗುತ್ತದೆ, ಹಿಂದೆ ಜನ ಕುಣಿಯುತ್ತಾರೆ, ಇವರು ಮುತ್ತು ಕೊಡುತ್ತಾರೆ, ಕಿವಿಯಲ್ಲಿ ಏನೋ ಹೇಳುತ್ತಾರೆ, ಮತ್ತೆ ಮುತ್ತು. ನನ್ನ ಬೆರಳು ಜೋಮು ಹಿಡಿಯಿತು. ಗೋಡೆಯ ಗಡಿಯಾರದಲ್ಲಿ ನಾಲ್ಕು ನಿಮಿಷ. ಬಿಟ್ಟಾಗ ಹುಡುಗಿಯ ಕೈಯಲ್ಲಿ ಒಂದು ಹೊಸ ಫ್ಲ್ಯಾಟಿನ ಕೀ ಇತ್ತು. ಎಲ್ಲಿಂದ ಬಂತು ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಇಷ್ಟೇ ಆಗಿದ್ದರೆ ಈ ಪ್ರಬಂಧ ಬರೆಯಬೇಕಾಗಿರಲಿಲ್ಲ. ಮಾದಾಮ್ ಬರುವ ಮೊದಲು, ಮೂಸಾಕನ ತಂಗಿಯ ಮಗಳ ಮದುವೆಯ ಕ್ಯಾಸೆಟ್ ಊರಿನಿಂದ ಬಂತು. ಕುವೈತಿನಲ್ಲಿದ್ದ ನಾಲ್ಕು ಸಂಬಂಧಿಕರ ಮನೆಗೆ ಶುಕ್ರವಾರದೊಳಗೆ ಕಾಪಿ ಆಗಬೇಕು. ಮೂರು ಆಯಿತು, ಖಾಲಿ ಕ್ಯಾಸೆಟ್ ಮುಗಿಯಿತು. ನಮ್ಮ ಕಸುಬಿನಲ್ಲಿ ಒಂದು ರೂಢಿ ಇತ್ತು. ಕಾಪಿ ತೆಗೆದಾದ ಮೇಲೆ ಮೂಲ ಕ್ಯಾಸೆಟ್ ಅಂಗಡಿಯದಾಗಿದ್ದರೆ ಅದನ್ನೇ ಖಾಲಿಯೆಂದು ಬಳಸುವುದು. ಮೆಷಿನ್ ಪಕ್ಕದಲ್ಲಿ ಇದ್ದದ್ದು ಮಾದಾಮಿನ ಕ್ಯಾಸೆಟ್. ಯಾರೂ ಅದರ ಮೇಲೆ ಬೇರೆ ಏನೂ ತುಂಬಬಾರದೆಂದು ಅವರ ತಂಗಿ ಅಂಚಿನ ಪ್ಲಾಸ್ಟಿಕ್ ಚೂರನ್ನು ಮುರಿದೇ ಕಳಿಸಿದ್ದಳು. ನಾನು ಆ ತೂತಿನ ಮೇಲೆ ಗಮ್ ಟೇಪ್ ಅಂಟಿಸಿದೆ. ಮರೆತು ಮಾಡಿದೆ ಎಂದು ಸುಳ್ಳು ಹೇಳಲಾರೆ. ಅಂಟಿಸುವಾಗ ಒಂದು ಕ್ಷಣ ಯೋಚಿಸಿದ್ದೆ. ಹೇಗೂ ಅವರಿಗೆ ಬಣ್ಣದ ಕಾಪಿ ಸಿಗುತ್ತದಲ್ಲ, ಈ ಕಪ್ಪು ಬಿಳುಪಿನದು ಯಾಕೆ ಎಂದು ನನಗೆ ನಾನೇ ಹೇಳಿಕೊಂಡೆ. ಸಮಾಜವಾದಿ ಜರ್ಮನಿಯ ನಾಚ್ ಮನೆಯ ಮೇಲೆ ನಮ್ಮೂರ ಮದುಮಗಳು ತಲೆ ತಗ್ಗಿಸಿ ಬಂದು ಕೂತಳು.

ಮಾದಾಮ್ ಬಂದಾಗ ಕಾಪಿ ಕೊಟ್ಟೆ. ಮೂಲ ಎಲ್ಲಿ ಎಂದರು. "ಸಾರಿ ಮಾದಾಮ್, ಮೆಷಿನ್ ತಿಂದುಬಿಟ್ಟಿತು." ಅಂಗಡಿಯವರೆಲ್ಲ ಹೇಳುವ ಮಾತು ಅದು. ಮೆಷಿನ್‌ಗಳು ಆಗಾಗ ನಿಜವಾಗಿಯೂ ಟೇಪ್ ತಿನ್ನುತ್ತಿದ್ದುದರಿಂದ ಯಾರೂ ಅನುಮಾನ ಪಡುತ್ತಿರಲಿಲ್ಲ. ಅವರ ಮುಖ ಸ್ವಲ್ಪ ಬಾಡಿತು. "ಪರವಾಗಿಲ್ಲ, ಕಾಪಿ ಇದೆಯಲ್ಲ," ಎಂದು ನನಗೇ ಸಮಾಧಾನ ಹೇಳಿ ಹೋದರು. ಕಾಪಿಯಲ್ಲಿ ಏನೇನು ಬಿಟ್ಟಿದ್ದೇನೆ ಎಂದು ನಾನು ಬಾಯಿ ಬಿಡಲಿಲ್ಲ.

ಮೂವತ್ತು ವರ್ಷ ಕಳೆಯಿತು. ಕ್ಯಾಸೆಟ್ ಹೋಗಿ ಡಿಸ್ಕ್ ಬಂತು, ಡಿಸ್ಕ್ ಹೋಗಿ ಏನೂ ಇಲ್ಲದೆಯೇ ಸಿನಿಮಾ ಬರತೊಡಗಿತು. ಮೂಸಾಕ ಅಂಗಡಿ ಮುಚ್ಚಿ ಊರಿಗೆ ಹೋದರು. ನಾನು ಕನ್ನಡಕದ ಕೆಲಸ ಕಲಿತು ಫಿಂಟಾಸ್‌ನ ಒಂದು ಅಂಗಡಿಯಲ್ಲಿ ನಿಂತೆ. ಜನರ ಕಣ್ಣಿಗೆ ಮರೆ ಮಾಡುತ್ತಿದ್ದವನು ಈಗ ಜನರಿಗೆ ಕಾಣುವಂತೆ ಮಾಡುತ್ತೇನೆ ಎಂದು ಝುಬೈದಾ ಆಗಾಗ ಚುಚ್ಚುತ್ತಾಳೆ.

ಈ ವರ್ಷ ಚಳಿ ಶುರುವಾದಾಗ ಒಬ್ಬ ವಯಸ್ಸಾದ ಬಿಳಿ ಹೆಂಗಸು ಮಗಳ ಕೈ ಹಿಡಿದು ಅಂಗಡಿಗೆ ಬಂದರು. ಎಪ್ಪತ್ತು ದಾಟಿರಬೇಕು. ನಾನು ಅವರ ಮುಖದ ಅಳತೆ ತೆಗೆದೆ. ಎಡಗಿವಿ ಬಲಗಿವಿಗಿಂತ ಸ್ವಲ್ಪ ಕೆಳಗಿತ್ತು. ಇಂಥವರಿಗೆ ಯಾವ ಫ್ರೇಮ್ ಹಾಕಿದರೂ ಒಂದು ಬದಿಗೆ ಜಾರುತ್ತದೆ, ಕಡ್ಡಿ ಬಗ್ಗಿಸಬೇಕಾಗುತ್ತದೆ. ಜಾರಿದಾಗೆಲ್ಲ ಅವರು ಅದನ್ನು ಬೆರಳಿನಿಂದ ಅಲ್ಲ, ಮಣಿಕಟ್ಟಿನ ಹಿಂಬದಿಯಿಂದ ಮೇಲಕ್ಕೆ ತಳ್ಳುತ್ತಿದ್ದರು. ಒಂದು ಫ್ರೇಮ್ ಚೆನ್ನಾಗಿ ಒಪ್ಪಿತು.

"ಮಾಮಾ, ಸಿನಿಮಾ ತಾರೆ ಹಾಗೆ ಕಾಣ್ತೀಯ," ಎಂದಳು ಮಗಳು. ಅರಬರ ಮಕ್ಕಳಿಗೆ ಅಮ್ಮ ಮಾಮಾ, ಅಪ್ಪ ಬಾಬಾ.

"ಆಗಿದ್ದೆನಲ್ಲ," ಎಂದರು ತಾಯಿ.

ಮಗಳು ನಕ್ಕು ನನ್ನತ್ತ ತಿರುಗಿದಳು. "ಇದು ನಮ್ಮ ಮನೆಯ ದೊಡ್ಡ ಜೋಕು. ಹತ್ತೊಂಬತ್ತು ವರ್ಷ ಇದ್ದಾಗ ಜರ್ಮನಿಯಲ್ಲಿ ಒಂದು ಸಿನಿಮಾದಲ್ಲಿ ಕುಣಿದಿದ್ದಾರಂತೆ. ಕ್ಯಾಸೆಟ್ ಮನೆಯಲ್ಲೇ ಇತ್ತು, ನೂರು ಸಲ ನೋಡಿದ್ದೇವೆ. ಎಲ್ಲೂ ಇಲ್ಲ! ಬಾಬಾ ಅಂತೂ ಯಾರೇ ಅತಿಥಿ ಬರಲಿ, ಕ್ಯಾಸೆಟ್ ಹಾಕಿ, ನಿಲ್ಲಿಸಿ ನಿಲ್ಲಿಸಿ, 'ಎಲ್ಲಿದ್ದೀಯ ಹಬೀಬ್ತಿ, ನನ್ನ ಮುದ್ದು? ಆ ಕ್ರೇನಿನ ಹಿಂದೆಯಾ?' ಎಂದು ಕೇಳುತ್ತಿದ್ದರು. ಎಲ್ಲರೂ ನಕ್ಕು ನಕ್ಕು ಸುಸ್ತು."

ಕ್ರೇನ್ ಎಂದದ್ದೇ ನಾನು ಅಳತೆಪಟ್ಟಿ ಕೆಳಗಿಟ್ಟು ಆ ಮುಖವನ್ನು ಮತ್ತೊಮ್ಮೆ ನೋಡಿದೆ, ಅದೇ ಮಾದಾಮ್.

"ಹೊಳೆ ಬದಿಯ ನಾಚ್ ಮನೆ," ಎಂದರು ಮಾದಾಮ್, ನನಗೆ ಹೇಳುವಂತೆಯೂ ಅಲ್ಲ, ತಮಗೇ ಹೇಳಿಕೊಳ್ಳುವಂತೆ. "ನಮ್ಮ ಫ್ಯಾಕ್ಟರಿಯ ಹುಡುಗಿಯರನ್ನೇ ಕರೆದಿದ್ದರು. ಟಿವಿಯಲ್ಲಿ ಹಾಕುವಾಗ ಸರ್ಕಾರ ಕತ್ತರಿಸಿರಬೇಕು ಅಂದುಕೊಂಡೆ. ಈಗೀಗ ನನಗೇ ಅನುಮಾನ. ಕುಣಿದೆನೋ, ಕುಣಿಯಬೇಕು ಅಂತ ಆಸೆಪಟ್ಟೆನೋ."

ಡಾಕ್ಟರು ತೀರಿಕೊಂಡು ಎರಡು ವರ್ಷ ಆಯಿತೆಂದು ಮಗಳು ಲೈಲಾ ಹೇಳಿದಳು. ಅವರಿಬ್ಬರೂ ನನ್ನ ಗುರುತು ಹಿಡಿಯಲಿಲ್ಲ. ಆಗ ನನಗೆ ತಲೆ ತುಂಬ ಕೂದಲಿತ್ತು. ಕನ್ನಡಕ ನಾಲ್ಕು ದಿನಕ್ಕೆ ಸಿದ್ಧವಾಗುತ್ತದೆ, ಮನೆಗೇ ತಂದುಕೊಡುತ್ತೇನೆ ಎಂದೆ. ನಮ್ಮ ಅಂಗಡಿಯಲ್ಲಿ ಮನೆಗೆ ತಲುಪಿಸುವ ಪದ್ಧತಿಯೇ ಇಲ್ಲ.

ಮನೆಗೆ ಬಂದವನು ಊಟ ಮಾಡಲಿಲ್ಲ. ನೀವೇ ಯೋಚಿಸಿ. ಒಂದು ಹೆಣ್ಣಿನ ಹತ್ತೊಂಬತ್ತನೆಯ ವಯಸ್ಸಿನ ಮೇಲೆ ನಾನು ಬೆರಳು ಒತ್ತಿ ಕೂತಿದ್ದೆ. ಅವಳ ಗಂಡನೇ ಅವಳ ಮಾತನ್ನು ನಂಬದ ಹಾಗೆ ಮಾಡಿದ್ದೆ. ಕೊನೆಗೆ ಅವಳೂ ನಂಬದ ಹಾಗೆ. ನನ್ನ ಮಗ ಫೈಸಲನನ್ನು ಕರೆದು ಹೀಗೆ ಹೀಗೆ ಒಂದು ಸಿನಿಮಾ, ಕ್ರೇನ್, ಫ್ಲ್ಯಾಟ್, ಪೂರ್ವ ಜರ್ಮನಿ ಎಂದು ವಿವರಿಸಿದೆ. ನಾನು ಕನ್ನಡದಲ್ಲಿ ಕೇಳಿದರೆ ಅವನು ಇಂಗ್ಲಿಷಿನಲ್ಲಿ ಉತ್ತರಿಸುವವನು. ಐದು ನಿಮಿಷಕ್ಕೆ "ಫೌಂಡ್ ಇಟ್" ಎಂದು ಫೋನ್ ನನ್ನ ಕೈಗಿಟ್ಟ. ನನಗೆ ಮೂವತ್ತು ವರ್ಷ ಹೊಳೆಯದಿದ್ದದ್ದು ಅವನಿಗೆ ಐದು ನಿಮಿಷದ ಕೆಲಸ. ಕೆಳಗೆ ಇಂಗ್ಲಿಷಿನಲ್ಲಿ ಮಾತುಗಳೂ ಬರುತ್ತಿದ್ದವು.

ನಾಚ್ ಮನೆಯ ದೃಶ್ಯ ಬಂತು. ಗೇಣು. ಬೆರಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಆಗ ತಿಳಿಯಿತು ನೋಡಿ, ಆ ಗುಮಾಸ್ತ ಹುಡುಗಿಯ ಕಿವಿಯಲ್ಲಿ ಹೇಳುತ್ತಿದ್ದದ್ದು ಏನೆಂದು. ಪಟ್ಟಿಯಲ್ಲಿ ದೊಡ್ಡ ಅಧಿಕಾರಿಯ ಅಳಿಯನ ಹೆಸರು ಅಳಿಸಿ ನಿನ್ನ ಹೆಸರಿಗೆ ಠಸ್ಸೆ ಹೊಡೆದಿದ್ದೇನೆ, ಏಳು ವರ್ಷದಿಂದ ಕಾಯುತ್ತಿರುವವಳು ನೀನು, ಏಳು ದಿನದಿಂದ ಕಾಯುತ್ತಿರುವವನು ಅವನು ಎನ್ನುತ್ತಾನೆ. ಇಡೀ ಸಿನಿಮಾದ ಜೀವ ಆ ಮಾತಿನಲ್ಲಿ. ಅಂಥ ಮಾತನ್ನು ಅಂಥ ಸರ್ಕಾರದ ಕಾಲದಲ್ಲಿ, ಅದೂ ಸರ್ಕಾರದ ದುಡ್ಡಿನಲ್ಲೇ ತೆಗೆದ ಸಿನಿಮಾದಲ್ಲಿ, ಎರಡು ಮುತ್ತಿನ ನಡುವೆ ಬಚ್ಚಿಟ್ಟು ಹೇಳಿದ್ದರು. ಬಚ್ಚಿಟ್ಟವನಿಗೆ ನನ್ನಂಥವನೊಬ್ಬ ಇರಬಹುದೆಂದು ಹೊಳೆದಿರಲಿಕ್ಕಿಲ್ಲ. ನನ್ನ ಕಾಪಿಯಲ್ಲಿ ಹುಡುಗಿ ಹಾಸ್ಟೆಲಿನಲ್ಲಿರುತ್ತಾಳೆ, ಮರುಕ್ಷಣ ಕೀ ಕೈಯಲ್ಲಿರುತ್ತದೆ. ನೋಡಿದವರು ಸರ್ಕಾರವೇ ಕರೆದು ಕೊಟ್ಟಿತು ಎಂದುಕೊಳ್ಳಬೇಕು. ಅಲ್ಲಾ, ಆ ದೇಶದ ಮಂತ್ರಿಗಳು ಕೂಡ ಮಾಡದ ಸೇವೆಯನ್ನು ನಾನು ಅಬ್ಬಾಸಿಯಾದಲ್ಲಿ ಕೂತು ಮಾಡಿದ್ದೆ!

ಅಷ್ಟರಲ್ಲಿ ಕ್ಯಾಮೆರಾ ತಿರುಗಿತು. ಅವರಿಬ್ಬರ ಹಿಂದೆ, ಎಡದಿಂದ ಮೂರನೆಯವಳು, ನೀಲಿ ಉಡುಪು, ಬಿಳಿ ಕಾಲರ್, ದಪ್ಪ ಕನ್ನಡಕದ ಒಬ್ಬ ಹುಡುಗಿ. ಕುಣಿಯುತ್ತ ಕುಣಿಯುತ್ತ ಕನ್ನಡಕ ಜಾರಿತು. ಮಣಿಕಟ್ಟಿನ ಹಿಂಬದಿಯಿಂದ ಅದನ್ನು ಮೇಲಕ್ಕೆ ತಳ್ಳಿದಳು. ನಾನು ಸಣ್ಣ ಮಗುವಿನ ಹಾಗೆ ಅತ್ತೆ. ಝುಬೈದಾ ಓಡಿ ಬಂದಳು. ಅವಳಿಗೆ ಅಂದು ಎಲ್ಲವನ್ನೂ ಹೇಳಿದೆ.

"ಹೋಗಿ ಹೇಳಿ," ಎಂದಳು. "ಬೈದ್ರೆ ಬೈಸ್ಕೊಳ್ಳಿ. ಕನ್ನಡಕ ಕೊಟ್ಟು ಬಾಯಿ ಮುಚ್ಚಿ ಬರ್ಬೇಡಿ ಮತ್ತೆ."

ಶುಕ್ರವಾರ ಸಂಜೆಯ ಅಸರ್ ನಮಾಜಿನ ನಂತರ ಹೋದೆ. ಸಮುದ್ರ ಕಾಣುವ ಮನೆ, ತಾಯಿ ಮಗಳು ಇಬ್ಬರೇ. ಮಾದಾಮಿಗೆ ಹೊಸ ಕನ್ನಡಕ ಹಾಕಿ, ಎಡಗಡೆಯ ಕಡ್ಡಿ ಸರಿಮಾಡಿ, ನಿಂತೇ ಹೇಳಿದೆ. ಅಂಗಡಿ, ಗೇಣು, ಮೊಳ, ಗಮ್ ಟೇಪ್, ಮದುವೆ. ಮೆಷಿನ್ ತಿನ್ನಲಿಲ್ಲ ಮಾದಾಮ್, ನಾನು. ಹೇಳಿ ಮುಗಿಸಿ ಫೋನ್ ಮುಂದಿಟ್ಟೆ.

ಅವರು ನೋಡಿದರು. ಹುಡುಗಿ ಬಂದಳು, ಕನ್ನಡಕ ಜಾರಿತು, ತಳ್ಳಿದಳು. ಲೈಲಾ ಬಾಯಿಗೆ ಕೈ ಅಡ್ಡ ಹಿಡಿದು "ಮಾಮಾ!" ಎಂದಳು, ಮತ್ತೆ ಅದೊಂದೇ ಮಾತನ್ನು ಮೂರು ನಾಲ್ಕು ಸಲ ಹೇಳಿದಳು. ಮಾದಾಮ್ ಫೋನನ್ನು ಮೇಜಿನ ಮೇಲೆ ಮಗುಚಿಟ್ಟರು. ಎದ್ದು ಅಡುಗೆಮನೆಗೆ ಹೋದರು. ಒಳಗೆ ನಲ್ಲಿ ಹರಿಯುವ ಸದ್ದು. ನಾನು ಕೂರಬೇಕೋ ಹೋಗಬೇಕೋ ತಿಳಿಯದೆ ಚಪ್ಪಲಿಯ ಹತ್ತಿರ ನಿಂತಿದ್ದೆ. ಅವರು ಬಹಳ ಹೊತ್ತಿನ ಮೇಲೆ ಬಂದು ಕೂತರು. ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಈ ಸಿನಿಮಾವನ್ನು ಬಿಡಬೇಕೋ ಬೇಡವೋ ಎಂದು ಕಮಿಟಿ ಮೂರು ಸಲ ಕೂತಿತ್ತು ಅಂತ ನಮ್ಮಲ್ಲಿ ಹೇಳುತ್ತಿದ್ದರು. ಮೂರನೆಯ ಸಲ ಒಬ್ಬ ಸದಸ್ಯನ ಹೆಂಡತಿ ಅತ್ತಳಂತೆ, ಬಿಟ್ಟರಂತೆ. ಜನ ಐದು ಸಲ, ಆರು ಸಲ ಹೋದರು. ಅಳಿಯನ ಮಾತು ಬಂದಾಗ ಕತ್ತಲಲ್ಲಿ ಚಪ್ಪಾಳೆ ತಟ್ಟುತ್ತಿದ್ದರು. ಕತ್ತಲಲ್ಲಿ ಯಾರು ತಟ್ಟಿದರು ಅಂತ ಯಾರಿಗೆ ಗೊತ್ತಾಗುತ್ತದೆ? ಆಮೇಲೆ ಅದರ ಹಾಡುಗಾರ ಗಡಿ ದಾಟಿ ಆ ಕಡೆಯ ಜರ್ಮನಿಗೆ ಹೋದ. ಮರುದಿನವೇ ಸಿನಿಮಾ ಎಲ್ಲೂ ಇಲ್ಲ. ಡಬ್ಬಿಯೊಳಗೆ ಇಟ್ಟರು. ಆದರೆ ನೋಡು ಸದೀಕ್, ಇಟ್ಟರು ಅಷ್ಟೆ. ಕತ್ತರಿಸಲಿಲ್ಲ. ಅವರೆಲ್ಲ ಸೇರಿ ಮಾಡದ್ದನ್ನು ನೀನು ಒಬ್ಬನೇ, ಒಂದು ಬೆರಳಿನಲ್ಲಿ ಮಾಡಿದೆ."

ನಾನು ತಲೆ ತಗ್ಗಿಸಿದೆ. ನಾನು ಬಟನ್ ಒತ್ತಿದ್ದು ಯಾರ ಮೇಲಿನ ದ್ವೇಷದಿಂದಲೂ ಅಲ್ಲ, ಯಾವ ತತ್ತ್ವದಿಂದಲೂ ಅಲ್ಲ. ಕಥೆ ನೋಡಬೇಡ ಎಂದಿದ್ದರು, ನೋಡಲಿಲ್ಲ. ಆ ದೇಶದ ಕಚೇರಿಗಳಲ್ಲಿ ಕೂತಿದ್ದ ಗುಮಾಸ್ತರೂ ಬಹುಶಃ ನನ್ನಂಥವರೇ. ಹೊತ್ತಿಗೆ ಸರಿಯಾಗಿ ಬಂದು, ಹೇಳಿದ ಅಳತೆಗೆ ಒತ್ತಿ, ಮನೆಗೆ ಹೋಗಿ ಊಟ ಮಾಡಿ ಮಲಗುವವರು.

"ಕ್ಯಾಸೆಟ್ ಹೋದದ್ದಕ್ಕೆ ನನಗೆ ಸಿಟ್ಟಿಲ್ಲ," ಎಂದರು ಮಾದಾಮ್. "ನನ್ನ ಗಂಡ ಒಳ್ಳೆಯವನು. ನನ್ನ ಮೇಲೆ ಜೀವ ಇಟ್ಟಿದ್ದ. ಆದರೆ ನಾನು ಆ ಮಾತು ಎತ್ತಿದಾಗೆಲ್ಲ ನಗುತ್ತಿದ್ದ. ಅವನು ನಗುತ್ತಾನೆ ಅಂತ ಎಲ್ಲರೂ ನಗುತ್ತಿದ್ದರು. ಮರ್ಯಾದೆಗೆ ನಾನೂ ನಗುತ್ತಿದ್ದೆ. ಆಸ್ಪತ್ರೆಯಲ್ಲಿ ಕೊನೆಯ ವಾರ ಕೂಡ, 'ಎಲ್ಲಿ, ಒಂದು ಸಲ ಕುಣಿ ನೋಡೋಣ ತಾರೆ' ಅಂದ. ನನಗೆ ಅಂದು ಎಷ್ಟು ನೋವಾಯಿತು ಗೊತ್ತಾ? ಸಾಯುವವನ ಹತ್ತಿರ ಜಗಳ ಮಾಡಲಿಕ್ಕೆ ಆಗುತ್ತದಾ?"

ಲೈಲಾ ತಾಯಿಯ ಹೆಗಲಿಗೆ ಮುಖ ಒತ್ತಿಕೊಂಡು ಅಳತೊಡಗಿದಳು. ಮಾದಾಮ್ ಅವಳ ಬೆನ್ನು ಸವರುತ್ತ ನನ್ನನ್ನೇ ನೋಡಿದರು.

"ನನಗೆ ಹೇಳಿ ಏನು ಪ್ರಯೋಜನ? ನನಗೆ ಗೊತ್ತಿದ್ದದ್ದೇ ಅಲ್ಲವಾ. ಅವನಿಗೆ ಹೇಳು."

"ಯಾರಿಗೆ ಮಾದಾಮ್?"

"ನಕ್ಕವನಿಗೆ. ನನ್ನ ಮೊಣಕಾಲಿಗೆ ಆ ಮರಳಿನಲ್ಲಿ ನಡೆಯಲಿಕ್ಕೆ ಆಗುವುದಿಲ್ಲ. ನೀನು ಹೋಗು. ನೀನೇ ಹೇಳಬೇಕು, ಯಾಕೆಂದರೆ ತಪ್ಪು ನಿನ್ನದು."

ಲೈಲಾ ಒಂದು ಚೀಟಿಯಲ್ಲಿ ಗೋರಿಯ ನಂಬರು ಬರೆದುಕೊಟ್ಟಳು.

ಮುಂದಿನ ಶುಕ್ರವಾರ ಬೆಳಿಗ್ಗೆ ಸುಲೈಬಿಖಾತ್‌ನ ಖಬರಸ್ತಾನಕ್ಕೆ ಹೋದೆ. ಎಷ್ಟು ದೂರ ನೋಡಿದರೂ ಮರಳು, ಸಣ್ಣ ಸಣ್ಣ ಕಲ್ಲು, ನಂಬರು. ಹುಡುಕಲು ಅರ್ಧ ಗಂಟೆ ಹಿಡಿಯಿತು. ಸಲಾಂ ಹೇಳಿದೆ, ಫಾತಿಹಾ ಓದಿದೆ. ಸತ್ತವರ ಮುಂದೆ ದುಆ ಮಾಡಿ ಗೊತ್ತು, ತಪ್ಪೊಪ್ಪಿಕೊಂಡು ಗೊತ್ತಿಲ್ಲ. ಅದೂ ನನ್ನ ಹರಕು ಅರಬಿಯಲ್ಲಿ, ಡಮಾಸ್ಕಸ್ಸಿನ ಓದಿದ ಮನುಷ್ಯನ ಹತ್ತಿರ. ಸುತ್ತ ಯಾರೂ ಇರಲಿಲ್ಲ. ಡಾಕ್ಟರ್, ನಾನು ಹಮೀದ್, ಅಬ್ಬಾಸಿಯಾದ ವಿಡಿಯೊ ಅಂಗಡಿಯವನು ಎಂದು ಶುರುಮಾಡಿದೆ. ನಿಮ್ಮ ಹೆಂಡತಿ ಆ ಸಿನಿಮಾದಲ್ಲಿ ಇದ್ದಾರೆ. ಎಡದಿಂದ ಮೂರನೆಯವರು, ನೀಲಿ ಉಡುಪು, ಬಿಳಿ ಕಾಲರ್. ಚೆನ್ನಾಗಿ ಕುಣಿದಿದ್ದಾರೆ. ಅವರು ನಿಮಗೆ ಸುಳ್ಳು ಹೇಳಲಿಲ್ಲ. ಅವರನ್ನು ಅಳಿಸಿದವನು ನಾನು. ಕ್ಷಮಿಸಿ.

ಬಿಸಿಲು ಏರುತ್ತಿತ್ತು. ಕಾರಿನ ಹತ್ತಿರ ಬಂದು ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು. ಕಾಯುತ್ತ ಕೂತಿದ್ದರೆಂದು ಕಾಣುತ್ತದೆ.

"ಹೇಳಿದೆಯಾ?"

"ಹೇಳಿದೆ ಮಾದಾಮ್. ಎಲ್ಲವನ್ನೂ ಹೇಳಿದೆ."

ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದರು.

"ನಕ್ಕನಾ?"

"ಇಲ್ಲ ಮಾದಾಮ್," ಎಂದೆ. "ಈ ಸಲ ನಗಲಿಲ್ಲ."